ಈ ಫೈಲಿನಲ್ಲಿ ನೀನೆಲ್ಲಿ?

ಹುಡುಗಿ: ಎಲ್ಲಾ ಇದರಲ್ಲೇ ಇದೆ ದೊಡ್ಡಮ್ಮ. ಪಾಸ್‌ಪೋರ್ಟು, ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಂಟನೇ ಸೆಮಿಸ್ಟರಿನವರೆಗಿನ ಮಾರ್ಕ್ಸ್ ಕಾರ್ಡು, ವಿಟಿಯು ಕೊಟ್ಟ ಪಿಡಿಸಿ, ಅಮೆರಿಕದ ಯೂನಿವರ್ಸಿಟಿಯಿಂದ ಬಂದ ಐ-20, ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟು, ಮನೆ ಪತ್ರದ ಜೆರಾಕ್ಸು, ಕೊನೆಯಲ್ಲಿ ಎಸ್‌ಒಪಿ, ಈ ಓದು ಯಾಕೆ ಬೇಕು ಅಂತ ಬರೆಯೋ ಕಾಗದ. ಇನ್ನು ಫೀಸು ಕಟ್ಟಿ ಚೆನ್ನೈಯಲ್ಲಿ ಸ್ಲಾಟ್ ಹಿಡಿಯೋದೊಂದೇ ಬಾಕಿ ಅಂತ ಕನ್ಸಲ್ಟೆನ್ಸಿಯವರು ಹೇಳಿದ್ದಾರೆ. ದುಡ್ಡು ಕಟ್ಟೋಕೆ ಮುಂಚೆ ನಿಮಗೆ ಒಂದು ಸಲ ತೋರಿಸಿಕೊಂಡು ಬಾ ಅಂತ ಅಪ್ಪ ಕಳಿಸಿದರು.

ದೊಡ್ಡಮ್ಮ: ಕೊಡು ಇಲ್ಲಿ. ಸರ್ವಿಸ್ ಪೂರ್ತಿ ಸಾಲದ ಫೈಲು ನೋಡಿದವಳು ನಾನು, ಕಣ್ಣು ಮೊದಲು ಹೋಗೋದು ಸ್ಟೇಟ್‌ಮೆಂಟಿಗೇ. ನೋಡು, ತಿಂಗಳ ಒಂದನೇ ತಾರೀಕು ಸಂಬಳ 38 ಸಾವಿರ ಬಂದಿದೆ. ಎಲ್ಐಸಿ ಹೋಗಿದೆ, ಬೆಸ್ಕಾಂ ಹೋಗಿದೆ, ಚೀಟಿ ಕಟ್ಟಿದ್ದಾನೆ, ಗ್ಯಾಸಿಗೆ ಕೊಟ್ಟಿದ್ದಾನೆ. ಇಪ್ಪತ್ತೈದರ ಹೊತ್ತಿಗೆ ಖಾತೆಯಲ್ಲಿ ನಾಲ್ಕು ಸಾವಿರ ಉಳಿದಿದ್ದರೆ ಹೆಚ್ಚು. ಮರ್ಯಾದಸ್ಥ ಮನುಷ್ಯನ ಲೆಕ್ಕ ಇದು, ಓದ್ತಾ ಹೋದರೆ ನಿಮ್ಮಪ್ಪನೇ ಎದುರಿಗೆ ಕೂತ ಹಾಗಿದೆ. ಆಮೇಲೆ ಇಲ್ಲಿ ನೋಡು, ಒಂದೇ ದಿನ 30 ಲಕ್ಷ ಜಮಾ. ಎಲ್ಲಿಂದ ಬಂತು?

ಹುಡುಗಿ: ಅದು ಶೋ ಮನಿ ದೊಡ್ಡಮ್ಮ. ಕನ್ಸಲ್ಟೆನ್ಸಿಯವರಿಗೆ ಗೊತ್ತಿರೋ ಫೈನಾನ್ಸಿನವರು ಹಾಕಿದ್ದಾರೆ. ವೀಸಾ ಆದ ಮೇಲೆ ವಾಪಸ್ ತಗೋತಾರೆ. ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ. ಎಲ್ಲರೂ ಹೀಗೇ ಮಾಡೋದಂತೆ.

ದೊಡ್ಡಮ್ಮ: ಅಂದರೆ ತಿಂಗಳಿಗೆ 60 ಸಾವಿರ. ಸಂಬಳಕ್ಕಿಂತ ಹೆಚ್ಚು ಬಡ್ಡಿ ಕಟ್ಟಿ, ತನ್ನದಲ್ಲದ ದುಡ್ಡನ್ನು ತನ್ನ ಖಾತೆಯಲ್ಲಿ ಇಟ್ಟುಕೊಂಡು ಕೂತಿದ್ದಾನೆ. ಅದೂ ನಿನಗೋಸ್ಕರ, ಯಾರಿಗೂ ಹೇಳದೆ. ಪುಟ್ಟಿ, ನಾನು ಬೈತಿಲ್ಲ. ಆದರೆ ಈ ಒಂದು ಸಾಲು ಏನು ಮಾಡಬಲ್ಲದು ಅನ್ನೋದು ನಿನಗೆ ಗೊತ್ತಿರಬೇಕು. ಬ್ರಿಟನ್ನಿನ ವೀಸಾಕ್ಕೆ ಹಣ ಸತತ 28 ದಿನ ಖಾತೆಯಲ್ಲಿರಬೇಕು ಅನ್ನೋ ನಿಯಮ ಇದೆ. ಆ ನಿಯಮವನ್ನೇ ಇವರು ವ್ಯಾಪಾರ ಮಾಡಿಕೊಂಡಿದ್ದಾರೆ. ದುಡ್ಡು ಎಲ್ಲಿಂದ ಬಂತು ಅಂತ ಆ ಕಡೆಯವರು ಕೇಳಿದರೆ, ನೀನು ಹೇಳೋದು ಸುಳ್ಳು ಅಂತ ಅವರು ತೀರ್ಮಾನಿಸಿದರೆ, ಅದು ಬರೀ ವೀಸಾ ತಿರಸ್ಕಾರ ಆಗಲ್ಲ. ಬ್ರಿಟನ್ನಿನವರು ಹತ್ತು ವರ್ಷ ಬಾಗಿಲು ಹಾಕಬಹುದು. ಕೆನಡಾದ್ದು ಐದು ವರ್ಷ. ಅಮೆರಿಕದ ಕಾನೂನಿನಲ್ಲಿ ಸುಳ್ಳು ಹೇಳಿ ವೀಸಾ ಕೇಳಿದವರಿಗೆ ಜೀವನಪೂರ್ತಿ ಅಡ್ಡಿ. ಇಪ್ಪತ್ತೆರಡು ವರ್ಷದ ಹುಡುಗಿ ನೀನು. ಫೈನಾನ್ಸಿನವನು ದುಡ್ಡು ತಗೊಂಡು ಹೋಗಿಬಿಡ್ತಾನೆ, ಕನ್ಸಲ್ಟೆನ್ಸಿಯ ಬೋರ್ಡೂ ಬದಲಾಗಿರುತ್ತೆ. ಕಡತದಲ್ಲಿ ಉಳಿಯೋದು ನಿನ್ನ ಹೆಸರು ಮಾತ್ರ.

ಹುಡುಗಿ: ಮತ್ತೆ ಏನು ಮಾಡೋದು? ಕೆ.ಆರ್. ಪುರದ ಮನೆ ಇಟ್ಟು ಸಾಲ ಕೇಳಿದೆವು. ಬ್ಯಾಂಕಿನವರು ಖಾತಾ ನೋಡಿದ ತಕ್ಷಣ ಫೈಲು ಮುಚ್ಚಿ ಕೊಟ್ಟರು. ಬಿ ಖಾತಾ ಆಗಲ್ಲ ಅಂದರು.

ದೊಡ್ಡಮ್ಮ: ಆಗಲ್ಲ ನಿಜ. ಆ ಕುರ್ಚಿಯಲ್ಲಿ ಕೂತು ನಾನೂ ಎಷ್ಟೋ ಜನಕ್ಕೆ ಅದೇ ಮಾತು ಹೇಳಿದ್ದೀನಿ, ಹೇಳುವಾಗ ಹೊಟ್ಟೆ ಉರೀತಿತ್ತು. ಕೆ.ಆರ್. ಪುರ 2007ರವರೆಗೆ ಬೇರೆ ನಗರಸಭೆ. ರೆವಿನ್ಯೂ ಜಮೀನಿನಲ್ಲಿ ಲೇಔಟು ಮಾಡಿ ಮಾರಿದರು, ಐಟಿಐ ಫ್ಯಾಕ್ಟರಿಯವರು, ಮಹದೇವಪುರದ ಕಾರ್ಖಾನೆಯವರು ಪಿಎಫ್ ತೆಗೆದು, ಒಡವೆ ಮಾರಿ ಕೊಂಡರು. ತೆರಿಗೆ ಕಟ್ಟಿಸಿಕೊಂಡರು, ಕರೆಂಟು ಕೊಟ್ಟರು, ಓಟು ಹಾಕಿಸಿಕೊಂಡರು. ಅದೇ ಮನೆ ಮಗಳ ಓದಿಗೆ ಅಡಮಾನ ಇಡೋಕೆ ಹೋದರೆ ಮಾತ್ರ ಕಾಗದದ ಮೇಲೆ ಅದು ಮನೆಯೇ ಅಲ್ಲ. ಈಗ ಬಿ ಖಾತಾವನ್ನು ಎ ಖಾತಾ ಮಾಡಿಕೊಡೋ ಯೋಜನೆಯನ್ನ ಸರ್ಕಾರ ತಂದಿದೆ, ಅದಕ್ಕೂ ದುಡ್ಡು ಕಟ್ಟಬೇಕು, ಕಾಯಬೇಕು. ನಿಮ್ಮಂಥ ಮನೆಗಳ ಕಷ್ಟವನ್ನು ಸರಿಯಾಗಿ ಬಲ್ಲವರೇ ಈ ಶೋ ಮನಿಯವರು. ಬ್ಯಾಂಕಿನಿಂದ ಬರಿಗೈಲಿ ಬಂದವರೇ ಅವರ ಗಿರಾಕಿಗಳು.

ಹುಡುಗಿ: ಹಾಗಾದರೆ ನಮ್ಮಂಥವರು ಹೋಗೋದೇ ಬೇಡ ಅಂತಲಾ?

ದೊಡ್ಡಮ್ಮ: ಹಾಗಂದೆನಾ? ನಾನು ಶಿವಾಜಿನಗರದ ಬ್ರಾಂಚಿನಲ್ಲಿದ್ದಾಗ ಒಬ್ಬರು ಸಾಬರು ಬರ್ತಿದ್ದರು. ರಸಲ್ ಮಾರ್ಕೆಟ್ ಹಿಂದೆ ಸಣ್ಣ ಅಂಗಡಿ. ಪಾಸ್‌ಬುಕ್ ತುಂಬ ದಿನದಿನದ ಜಮಾ, ಎಂಟುನೂರು, ಸಾವಿರದ ಇನ್ನೂರು, ಶುಕ್ರವಾರ ಖಾಲಿ. ಮಗ ಬ್ರಿಟನ್ನಿಗೆ ಹೋಗಬೇಕು ಅಂದ. ಆಗ ವೀಸಾ ಅರ್ಜಿ ತಗೊಳ್ಳೋ ಕೇಂದ್ರ ಅಲ್ಲೇ ಸೆಂಟ್ರಲ್ ಸ್ಟ್ರೀಟಿನಲ್ಲಿತ್ತು, ಬ್ರಾಂಚಿನಿಂದ ನಡೆದು ಹೋಗೋ ದೂರ. ಈಗ ಓಶಾಘ್ನೆಸಿ ರಸ್ತೆಗೆ ಹೋಗಿದೆ. ಆ ಹುಡುಗ ಅಪ್ಪನ ಪಾಸ್‌ಬುಕ್ಕಿನ ಜೊತೆ ಒಂದು ಪುಟ ಕಾಗದ ಬರೆದಿಟ್ಟಿದ್ದ. ಅಂಗಡಿಗೆ ದಿನಾ ಎಷ್ಟು ವ್ಯಾಪಾರ, ಸೀಸನ್ನಿನಲ್ಲಿ ಎಷ್ಟು, ಅಕ್ಕನ ಮದುವೆಗೆ ಎಷ್ಟು ತೆಗೆದರು, ಯಾವ ಎಫ್‌ಡಿ ಯಾವಾಗ ಮುರಿದರು, ಎಲ್ಲಾ ಸಾಲುಸಾಲಾಗಿ. ಇಂಗ್ಲಿಷು ಅಲ್ಲಲ್ಲಿ ತಪ್ಪು. ಆದರೆ ಪಾಸ್‌ಬುಕ್ಕಿನಲ್ಲಿ ಏನಿದೆಯೋ ಅದೇ ಕಾಗದದಲ್ಲಿ, ಕಾಗದದಲ್ಲಿ ಏನಿದೆಯೋ ಅದೇ ಅವನ ಬಾಯಲ್ಲಿ. ಸಾಲ ಮಂಜೂರಾಯಿತು, ವೀಸಾನೂ ಬಂತು. ನಾನು ನೋಡಿದ ಫೈಲುಗಳಲ್ಲಿ ಮನಸ್ಸಿನಲ್ಲಿ ಉಳಿದಿರೋದು ಅದೊಂದೇ.

ಹುಡುಗಿ: ಅವರಿಗೆ ಸಾಲ ಸಿಕ್ಕಿತಲ್ಲ. ನಮಗೆ?

ದೊಡ್ಡಮ್ಮ: ನಿನಗೂ ಇದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ, ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕಿದರೆ ಸಾಕು. ಅದಕ್ಕಿಂತ ಮೇಲೆ ಬೇಕಾದರೆ ಆಧಾರ ಕೊಡಬೇಕು, ಆದರೆ ಆಧಾರ ಅಂದರೆ ಮನೆ ಒಂದೇ ಅಲ್ಲ. ಎಫ್‌ಡಿ ಆಗುತ್ತೆ, ಎಲ್ಐಸಿ ಪಾಲಿಸಿ ಆಗುತ್ತೆ. ಓದೋವಾಗ ಮತ್ತು ಓದು ಮುಗಿದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಮಕ್ಕಳ ಓದಿಗೆ ಪಿಎಫ್‌ನಿಂದ ತೆಗೆಯೋಕೆ ಅವಕಾಶ ಇದೆ. ಇದೆಲ್ಲಾ ಸೇರಿಸಿ ಎಷ್ಟಾಗುತ್ತೆ ಅಂತ ಮೊದಲು ನೋಡು. ಆಮೇಲೆ ಆ ದುಡ್ಡಿಗೆ ಯಾವ ದೇಶ, ಯಾವ ಓದು ಅಂತ ಯೋಚಿಸು. ನೀವು ಉಲ್ಟಾ ಮಾಡಿದ್ದೀರಿ. ಈ ಐ-20 ನೋಡು, ಮೊದಲ ವರ್ಷದ ಖರ್ಚೇ 46 ಸಾವಿರ ಡಾಲರು ಅಂತ ಬರೆದಿದೆ. ಹತ್ತಿರ ಹತ್ತಿರ 40 ಲಕ್ಷ. ಶೋ ಮನಿ ತೋರಿಸಿ ವೀಸಾ ಬಂತು ಅಂತಲೇ ಇಟ್ಟುಕೋ, 30 ಲಕ್ಷ ಅವನು ವಾಪಸ್ ತಗೊಂಡ. ಎರಡನೇ ಸೆಮಿಸ್ಟರಿನ ಫೀಸು ಕಟ್ಟೋರು ಯಾರು?

ಹುಡುಗಿ: ಅಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡಿ ಕಟ್ಟಬಹುದು ಅಂದರು.

ದೊಡ್ಡಮ್ಮ: ಅಮೆರಿಕದ ವಿದ್ಯಾರ್ಥಿ ವೀಸಾದಲ್ಲಿ ಮೊದಲ ವರ್ಷ ಕ್ಯಾಂಪಸ್ಸಿನ ಒಳಗೆ ಮಾತ್ರ ಕೆಲಸ, ಪಾಠ ನಡೆಯೋವಾಗ ವಾರಕ್ಕೆ 20 ಗಂಟೆ. ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿದರೆ ಊಟ ತಿಂಡಿಗೆ ಆದೀತು. ಫೀಸಿಗೆ ಅಂತ ಹೊರಗೆ ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನಲ್ಲೋ ಕದ್ದು ದುಡಿಯೋ ಮಕ್ಕಳ ಸ್ಥಿತಿ ಏನು ಗೊತ್ತಾ? ಸಿಕ್ಕಿಬಿದ್ದರೆ ವೀಸಾ ಹೋಯಿತು. ಆ ಭಯದಲ್ಲಿ ಎರಡು ವರ್ಷ ಬದುಕೋದು ಓದಲ್ಲ ಪುಟ್ಟಿ. ನಿಮ್ಮಪ್ಪ ಇಲ್ಲಿ ಬಡ್ಡಿ ಕಟ್ಟಬೇಕು, ನೀನು ಅಲ್ಲಿ ಬಚ್ಚಿಟ್ಟುಕೊಂಡು ಪಾತ್ರೆ ತೊಳೀಬೇಕು, ಇದಕ್ಕೆ ನಾನು ಹೂಂ ಅನ್ನಲ್ಲ. ಇರಲಿ, ಎಸ್‌ಒಪಿ ತೋರಿಸು.

ಹುಡುಗಿ: ಅದು ಚೆನ್ನಾಗಿದೆ. ಅವರ ಕಂಟೆಂಟ್ ರೈಟರೇ ಬರೆದಿದ್ದು.

ದೊಡ್ಡಮ್ಮ: "ಬಾಲ್ಯದಿಂದಲೂ ನನಗೆ ತಂತ್ರಜ್ಞಾನ ಮತ್ತು ವ್ಯವಹಾರ ಎರಡರಲ್ಲೂ ಅಪಾರ ಆಸಕ್ತಿ. ದತ್ತಾಂಶವೇ ಇಂದಿನ ಜಗತ್ತಿನ ಇಂಧನ. ನಿಮ್ಮ ವಿಶ್ವವಿಖ್ಯಾತ ವಿದ್ಯಾಸಂಸ್ಥೆಯಲ್ಲಿ ಬಿಸಿನೆಸ್ ಅನಲಿಟಿಕ್ಸ್ ಕಲಿಯುವುದು ನನ್ನ ಬಹುದಿನದ ಕನಸು." ಇಂಗ್ಲಿಷಿನಲ್ಲಿ ಬರೆದಿರೋದರ ಸಾರ ಇಷ್ಟೇ ತಾನೇ? ಇದನ್ನು ಯಾರ ಹೆಸರಿನ ಮೇಲೆ ಹಾಕಿದರೂ ನಡೆಯುತ್ತೆ. ನೀನು ಓದಿದ್ದು ಸಿವಿಲ್ ಎಂಜಿನಿಯರಿಂಗ್ ಅಲ್ವೇನೆ? ಈ ಬಿಸಿನೆಸ್ ಅನಲಿಟಿಕ್ಸ್ ಎಲ್ಲಿಂದ ಬಂತು?

ಹುಡುಗಿ: ನಾನು ಹೋದಾಗ ವೇಸ್ಟ್ ವಾಟರ್ ಟ್ರೀಟ್‌ಮೆಂಟ್ ಓದಬೇಕು ಅಂದೆ. ಅದಕ್ಕೆ ಸ್ಕೋಪ್ ಇಲ್ಲ, ಸೀಟೂ ಕಷ್ಟ, ಈ ಕೋರ್ಸಿಗೆ ಹಾಕಿದರೆ ಎರಡು ವಾರದಲ್ಲಿ ಅಡ್ಮಿಟ್ ಬರುತ್ತೆ ಅಂದರು. ಬಂತು ಕೂಡ.

ದೊಡ್ಡಮ್ಮ: ಬರದೇ ಏನು. ಒಂದೊಂದು ವಿದ್ಯಾರ್ಥಿಗೂ ಇಷ್ಟು ಅಂತ ಏಜೆಂಟರಿಗೆ ಕಮಿಷನ್ ಕೊಡೋ ಯೂನಿವರ್ಸಿಟಿಗಳಿವೆ. ನಿನ್ನ ಹತ್ತಿರ ಫೀಸು ಕಡಿಮೆ ತಗೊಂಡು ಅಲ್ಲಿಂದ ಹೆಚ್ಚು ತಗೋತಾರೆ. ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳು ಕಮಿಷನ್ ಕೊಡಲ್ಲ, ಅದಕ್ಕೇ ಆ ಹೆಸರು ಅವರ ಬಾಯಲ್ಲಿ ಬರಲಿಲ್ಲ. ಎಲ್ಲರೂ ಹಾಗಲ್ಲ, ತಿಳಿಸಿ ಹೇಳೋರೂ ಇದ್ದಾರೆ. ಆದರೆ ತೂಗಿ ನೋಡೋ ಕೆಲಸ ನಿನ್ನದು. ಅಮೆರಿಕದಲ್ಲಿ 2011ರಲ್ಲಿ ಟ್ರೈ-ವ್ಯಾಲಿ ಯೂನಿವರ್ಸಿಟಿ ಮುಚ್ಚಿಸಿದಾಗ ನಮ್ಮ ಕಡೆಯ ಮಕ್ಕಳ ಕಾಲಿಗೆ ರೇಡಿಯೋ ಪಟ್ಟಿ ಕಟ್ಟಿ ಕಾವಲಿಟ್ಟರು. 2019ರಲ್ಲಿ ಫಾರ್ಮಿಂಗ್ಟನ್ ಅಂತ ಇನ್ನೊಂದು. ಅದನ್ನು ಅಲ್ಲಿನ ಸರ್ಕಾರದ ಇಲಾಖೆಯೇ ಬಲೆಯಾಗಿ ನಡೆಸ್ತಿತ್ತು, 129 ಭಾರತೀಯ ವಿದ್ಯಾರ್ಥಿಗಳ ಬಂಧನವಾಯಿತು. 2023ರಲ್ಲಿ ಕೆನಡಾದಲ್ಲಿ ಪಂಜಾಬಿನ ಮಕ್ಕಳಿಗೆ ಏಜೆಂಟು ಕೊಟ್ಟ ಪ್ರವೇಶಪತ್ರವೇ ನಕಲಿ ಅಂತ ವರ್ಷಗಳಾದ ಮೇಲೆ ಗೊತ್ತಾಗಿ, ಗಡೀಪಾರಿನ ನೋಟಿಸು ಹಿಡಿದು ರಸ್ತೆಯಲ್ಲಿ ಕೂತಿದ್ದರು. ಆ ವರ್ಷದ ಡಿಸೆಂಬರಿನಿಂದ ಪ್ರತಿಯೊಂದು ಪ್ರವೇಶಪತ್ರವನ್ನೂ ಕಾಲೇಜಿನಿಂದಲೇ ಖಾತ್ರಿ ಮಾಡಿಕೊಳ್ಳೋ ನಿಯಮವನ್ನ ಕೆನಡಾ ತಂದಿತು. ಎಲ್ಲ ಕಡೆಯೂ ಫಾರಂ ತುಂಬಿದ್ದು ಬೇರೆಯವರು, ಅನುಭವಿಸಿದ್ದು ಮಕ್ಕಳು. ಅದು ಬಿಡು. ನಿನಗೆ ಈ ಕೊಳಚೆ ನೀರಿನ ಹುಚ್ಚು ಯಾಕೆ ಹಿಡೀತು, ಅದನ್ನ ಹೇಳು.

ಹುಡುಗಿ: ನಗಬೇಡಿ. ಅಜ್ಜಿ ಊರಿನ ಕೆರೆ.

ದೊಡ್ಡಮ್ಮ: ನಾನ್ಯಾಕೆ ನಗಲಿ? ನಿಮ್ಮಮ್ಮನಿಗೂ ನನಗೂ ಅದೇ ಊರು ಕಣೇ.

ಹುಡುಗಿ: ನಾನು ಚಿಕ್ಕವಳಿದ್ದಾಗ ಬೇಸಿಗೆ ರಜಕ್ಕೆ ಹೋದರೆ ಆ ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡ್ತಿದ್ದೆವು. ಕೆರೆ ಅಂದರೆ ಬಯಲು ಅಂತಲೇ ಅಂದುಕೊಂಡಿದ್ದೆ. ಆಮೇಲೆ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸೋದು, ದಿನಕ್ಕೆ 44 ಕೋಟಿ ಲೀಟರಿನ ಲೆಕ್ಕ. 2018ರ ಜೂನಿನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ನೊರೆ ಎದ್ದಿತು ಅಂತ ಗಲಾಟೆ, ಹೈಕೋರ್ಟು, ಸುಪ್ರೀಂ ಕೋರ್ಟು. ನಮ್ಮ ಊರಿನ ಕೆರೆ ತುಂಬಿದಾಗ ಮಾವ ಬಾಗಿನ ಬಿಟ್ಟರು, ಪಕ್ಕದ ಮನೆಯವರು ಅದೇ ನೀರಿಗೆ ದನ ಬಿಡಬೇಡಿ ಅಂತ ಜಗಳ ಆಡಿದರು. ಇಬ್ಬರೂ ಸುಳ್ಳು ಹೇಳ್ತಿರಲಿಲ್ಲ. ಬೋರ್‌ವೆಲ್ಲಿನಲ್ಲಿ ನೀರು ಮೇಲೆ ಬಂದಿತ್ತು, ಆದರೆ ಆ ನೀರಿಗೆ ಆಗಿರೋದು ಎರಡನೇ ಹಂತದ ಶುದ್ಧೀಕರಣ ಮಾತ್ರ, ಮೂರನೇ ಹಂತ ಬೇಕು ಅಂತ ಹೋರಾಟ ಇನ್ನೂ ನಡೀತಿದೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ನಾವು ಕೆರೆ ಪಕ್ಕದ ಬಾವಿಗಳಿಂದ ಬಾಟಲಿಯಲ್ಲಿ ನೀರು ತಂದು ಲ್ಯಾಬಿನಲ್ಲಿ ನೈಟ್ರೇಟು, ಫಾಸ್ಫೇಟು ಅಳೆದೆವು. ಮಂಜುಗಡ್ಡೆ ಹಾಕಿದ ಥರ್ಮಾಕೋಲ್ ಡಬ್ಬಿ ತೊಡೆ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬರ್ತಿದ್ದೆ. 2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದು ನಿಂತಿದ್ದಾಗ ಅನ್ನಿಸಿತು, ಬೆಂಗಳೂರಿನಲ್ಲಿ ನಾವು ಚೆಲ್ಲೋ ನೀರು ಅಜ್ಜಿ ಊರಿಗೆ ಹೋಗ್ತಿದೆ, ಅದನ್ನ ಕುಡಿಯೋಷ್ಟು ಚೊಕ್ಕ ಮಾಡೋದು ಯಾರಾದರೂ ಕಲೀಲೇಬೇಕಲ್ಲ ಅಂತ.

ದೊಡ್ಡಮ್ಮ: ಇದರಲ್ಲಿ ಒಂದು ಮಾತಾದರೂ ಈ ಎಸ್‌ಒಪಿಯಲ್ಲಿ ಇದೆಯಾ?

ಹುಡುಗಿ: ಇಲ್ಲ. ಹಳ್ಳಿ, ಕೆರೆ, ಕೊಳಚೆ ಅಂತೆಲ್ಲಾ ಬರೆದರೆ ಪ್ರೊಫೈಲ್ ವೀಕ್ ಆಗುತ್ತೆ ಅಂದರು.

ದೊಡ್ಡಮ್ಮ: ನೋಡು, ಈ ಫೈಲಿನಲ್ಲಿ ನಿಮ್ಮಪ್ಪನ ಸಂಬಳ ಇದೆ, ಯಾರದೋ ದುಡ್ಡಿದೆ, ಯಾರೋ ಬರೆದ ಕನಸಿದೆ. ನೀನು ಎಲ್ಲಿ? ಥರ್ಮಾಕೋಲ್ ಡಬ್ಬಿ ಹಿಡಿದು ಕೋಲಾರದ ಬಸ್ಸಿನಲ್ಲಿ ಕೂತ ಹುಡುಗಿಯನ್ನ ತೆಗೆದುಹಾಕಿಬಿಟ್ಟಿದ್ದಾರಲ್ಲ! ವೀಸಾ ಅಧಿಕಾರಿ ಎಂಥ ಕಟುಕನೇ ಆಗಿರಲಿ, ಅವನು ಹುಡುಕೋದು ಅವಳನ್ನೇ. ಈ ಓದು, ಈ ದುಡ್ಡು, ಈ ಮನುಷ್ಯ, ಮೂರೂ ಒಂದಕ್ಕೊಂದು ಕೂಡ್ತವಾ ಅಂತ ನೋಡ್ತಾನೆ. ಚೆನ್ನೈಯ ಕಾನ್ಸುಲೇಟಿನ ಕಿಟಕಿಯಲ್ಲಿ ನಿನಗೆ ಸಿಗೋದು ಎರಡು ಮೂರು ನಿಮಿಷ. ಸಿವಿಲ್ ಓದಿದವಳು ಬಿಸಿನೆಸ್ ಅನಲಿಟಿಕ್ಸ್ ಯಾಕೆ ಅಂತ ಕೇಳಿದರೆ ಏನು ಹೇಳ್ತಿದ್ದೆ?

ಹುಡುಗಿ: ಅದಕ್ಕೂ ಉತ್ತರ ಬಾಯಿಪಾಠ ಮಾಡಿಸಿದ್ದಾರೆ.

ದೊಡ್ಡಮ್ಮ: ಅದೇ ಉತ್ತರವನ್ನ ಅವತ್ತು ಬೆಳಗ್ಗೆ ಅವನು ಹತ್ತು ಜನರ ಬಾಯಲ್ಲಿ ಕೇಳಿರ್ತಾನೆ. ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮು ಏನು ಹೇಳುತ್ತೆ ಅಂದರೆ, ಬಂದವರೆಲ್ಲಾ ಅಲ್ಲೇ ನೆಲೆಸೋಕೆ ಬಂದವರು ಅಂತಲೇ ಮೊದಲು ಭಾವಿಸಬೇಕು, ಅಲ್ಲ ಅಂತ ತೋರಿಸಿಕೊಡೋ ಹೊಣೆ ನಿನ್ನದು. ಬಹುಪಾಲು ತಿರಸ್ಕಾರ ಈ ಕಲಮಿನಲ್ಲೇ. ವೀಸಾ ಶುಲ್ಕ 185 ಡಾಲರು, ಸೆವಿಸ್ ಅಂತ 350 ಡಾಲರು, ಎರಡೂ ತಿರಸ್ಕಾರವಾದರೆ ವಾಪಸ್ ಬರಲ್ಲ. 2025ರ ಮೇ ಕೊನೆಯಲ್ಲಿ ಹೊಸ ಸ್ಲಾಟು ಕೊಡೋದನ್ನೇ ನಿಲ್ಲಿಸಿದರು, ಜೂನಿನಲ್ಲಿ ಮತ್ತೆ ಶುರು ಮಾಡುವಾಗ ನಿಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನೆಲ್ಲಾ ಎಲ್ಲರಿಗೂ ಕಾಣೋ ಹಾಗೆ ತೆರೆದಿಡಿ ಅಂದರು. ಸೀಟು ಸಿಕ್ಕಿ, ಸಾಲ ಆಗಿ, ಆಗಸ್ಟಿಗೆ ಹೋಗಬೇಕಾದ ಮಕ್ಕಳು ಸ್ಲಾಟಿಗೆ ರಾತ್ರಿಯೆಲ್ಲಾ ಎದ್ದು ಕೂರ್ತಿದ್ದರು.

ಹುಡುಗಿ: ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಆಯಿತಲ್ಲ, ಇಲ್ಲೇ ಇಂಟರ್‌ವ್ಯೂ ಆಗಲ್ವಾ?

ದೊಡ್ಡಮ್ಮ: 2025ರ ಜನವರಿ 17ಕ್ಕೆ ವಿಠಲ್ ಮಲ್ಯ ರಸ್ತೆಯ ಹೋಟೆಲಿನಲ್ಲಿ ಉದ್ಘಾಟನೆ ಮಾಡಿದರು. ವೀಸಾ ಕೆಲಸ ಅವತ್ತು ಶುರುವಾಗಲಿಲ್ಲ, ಅದಕ್ಕೇ ನಿನಗೂ ಚೆನ್ನೈಯ ಸ್ಲಾಟು. ದಂಡು ಸ್ಟೇಷನ್ನಿಗೆ ಜೋಲಾರಪೇಟೆಯಿಂದ ರೈಲು ಬಂದಿದ್ದು 1864ರಲ್ಲಿ. ಅವತ್ತಿನಿಂದಲೂ ಬೆಂಗಳೂರಿನವರು ದೊಡ್ಡ ಕೆಲಸ ಅಂದರೆ ಮದ್ರಾಸಿಗೆ ರೈಲು ಹತ್ತಿದ್ದೇ ಹತ್ತಿದ್ದು.

ಹುಡುಗಿ: ಒಂದು ಕೇಳಲಾ? ನಿಜವಾಗಿ ಹೇಳಬೇಕು ಅಂದರೆ, ವಾಪಸ್ ಬರ್ತೀನೋ ಇಲ್ವೋ ನನಗೇ ಗೊತ್ತಿಲ್ಲ. ವಾಪಸ್ ಬಂದರೆ ನಮ್ಮ ಬೀದಿಯಲ್ಲಿ ಏನಂತಾರೆ? ಅಲ್ಲಿ ಆಗಲಿಲ್ಲ, ಬಂದಳು ಅಂತಾರೆ.

ದೊಡ್ಡಮ್ಮ: ಹಾಗಂದವರಿಗೆ ರಾಜೇಶ್ವರಿ ಚಟರ್ಜಿಯವರ ಹೆಸರು ಹೇಳು. ನಮ್ಮ ಕನ್ನಡದ ಮನೆಯ ಹೆಣ್ಣುಮಗಳು. ಅವರ ಅಜ್ಜಿ ಕಮಲಮ್ಮ ದಾಸಪ್ಪ, ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ರಾಜೇಶ್ವರಿಯವರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ 1947ರಲ್ಲಿ ಒಬ್ಬರೇ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. 1953ರಲ್ಲಿ ವಾಪಸ್ ಬಂದು ಇಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿ, ಮೈಕ್ರೋವೇವ್ ಮತ್ತು ಆಂಟೆನಾ ವಿಷಯದಲ್ಲಿ ಒಂದು ತಲೆಮಾರಿಗೇ ಪಾಠ ಹೇಳಿದರು. ಅವರು ಸೋತು ಬಂದರು ಅಂತ ಯಾರಾದರೂ ಅಂದಾರಾ? ನಿನಗೆ ಬರೋಕೊಂದು ಕಾರಣ ಈಗಲೇ ಇದೆ, ಕೋಲಾರದಲ್ಲಿ. ಉಳಿಯೋಕೂ ಮುಂದೆ ಕಾರಣ ಸಿಗಬಹುದು, ಅದು ತಪ್ಪಲ್ಲ. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಬರೀಬೇಡ, ಅಷ್ಟೇ.

ಹುಡುಗಿ: ಜರ್ಮನಿ ಅಂದಿರಿ. ನಮ್ಮ ಸೀನಿಯರ್ ಒಬ್ಬರು ಡ್ರೆಸ್ಡನ್ನಿನ ಟೆಕ್ನಿಕಲ್ ಯೂನಿವರ್ಸಿಟಿಯಲ್ಲಿ ಹೈಡ್ರೋ ಸೈನ್ಸ್ ಅಂತ ಇಂಗ್ಲಿಷಿನಲ್ಲೇ ಕೋರ್ಸಿದೆ ಅಂದಿದ್ದರು. ಸ್ಟುಟ್‌ಗಾರ್ಟಿನಲ್ಲಿ ಕೊಳಚೆ ನೀರು, ಘನತ್ಯಾಜ್ಯ ಎರಡೂ ಸೇರಿದ ಕೋರ್ಸಿದೆ. ಆದರೆ ಅದು ದೊಡ್ಡವರ ಮಕ್ಕಳಿಗೆ ಅಂದುಕೊಂಡಿದ್ದೆ.

ದೊಡ್ಡಮ್ಮ: ಪೆನ್ನು ತಗೋ, ಬರೆದುಕೋ. ಬಹುಪಾಲು ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕ ಇಲ್ಲ. ಸ್ಟುಟ್‌ಗಾರ್ಟ್ ಇರೋ ರಾಜ್ಯದಲ್ಲಿ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ, ಮ್ಯೂನಿಕ್ಕಿನ ಟೆಕ್ನಿಕಲ್ ಯೂನಿವರ್ಸಿಟಿಯೂ 2024ರಿಂದ ಶುಲ್ಕ ಶುರುಮಾಡಿದೆ. ಅದನ್ನೆಲ್ಲಾ ಒಂದೊಂದಾಗಿ ನೀನೇ ನೋಡು. ದೊಡ್ಡ ಖರ್ಚು ಅಂದರೆ ಬ್ಲಾಕ್ಡ್ ಅಕೌಂಟು. ಒಂದು ವರ್ಷದ ಜೀವನಕ್ಕೆ 11,904 ಯೂರೊ ಮೊದಲೇ ಇಡಬೇಕು, 12 ಲಕ್ಷ ದಾಟುತ್ತೆ. ಆದರೆ ಅದು ಯಾರಿಗೋ ಕಟ್ಟಿದ ದುಡ್ಡಲ್ಲ. ಅಲ್ಲಿ ಇಳಿದ ಮೇಲೆ ತಿಂಗಳಿಗೆ 992 ಯೂರೊ ನಿನ್ನ ಕೈಗೇ ಬರುತ್ತೆ, ಬಾಡಿಗೆ, ಊಟ, ವಿಮೆ ಎಲ್ಲಾ ಅದರಲ್ಲೇ. ವರ್ಷಕ್ಕೆ 140 ಪೂರ್ತಿ ದಿನ ಕಾನೂನಿನ ಪ್ರಕಾರ ತಲೆಯೆತ್ತಿಕೊಂಡು ಕೆಲಸ ಮಾಡಬಹುದು. ಓದು ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳು. ಮತ್ತೆ ಇನ್ನೊಂದು, ಬ್ಯಾಂಕಿನ ಶಿಕ್ಷಣ ಸಾಲದಿಂದ ಹೊರಗೆ ಕಳಿಸೋ ದುಡ್ಡಿಗೆ 2025ರ ಏಪ್ರಿಲಿನಿಂದ ಟಿಸಿಎಸ್ ತೆರಿಗೆ ಹಿಡಿಯಲ್ಲ. ಸ್ವಂತ ದುಡ್ಡಾದರೆ ವರ್ಷಕ್ಕೆ 10 ಲಕ್ಷ ದಾಟಿದ್ದಕ್ಕೆ ಹಿಡೀತಾರೆ.

ಹುಡುಗಿ: 38 ಸಾವಿರದ ಸ್ಟೇಟ್‌ಮೆಂಟ್ ತೋರಿಸಿದರೂ ಪರವಾಗಿಲ್ವಾ?

ದೊಡ್ಡಮ್ಮ: ಬ್ಲಾಕ್ಡ್ ಅಕೌಂಟ್ ಇದ್ದರೆ ಅದೇ ಪುರಾವೆ. ಅದಕ್ಕೆ ದುಡ್ಡು ಸಾಲದಿಂದ ಬಂತು ಅಂದರೆ ಮಂಜೂರಾತಿ ಪತ್ರ ಇದೆ. ಮುಚ್ಚಿಡೋದು ಏನೂ ಇಲ್ಲ. ಆದರೆ ಸುಲಭ ಅಂದುಕೋಬೇಡ. 2022ರ ನವೆಂಬರಿನಿಂದ ಎಪಿಎಸ್ ಸರ್ಟಿಫಿಕೇಟು ಕಡ್ಡಾಯ, 18 ಸಾವಿರ ರೂಪಾಯಿ. ನಿನ್ನ ಒಂದೊಂದು ಮಾರ್ಕ್ಸ್ ಕಾರ್ಡೂ ಅಸಲಿ ಅಂತ ಅವರು ನೋಡಿದ ಮೇಲೇ ವೀಸಾ ಅರ್ಜಿ. ನಕಲಿ ಕಾಗದದವರ ಕಾಟದಿಂದ ಬಂದ ನಿಯಮ ಅದು, ನಿನ್ನಂಥವಳಿಗೆ ಒಳ್ಳೆಯದೇ. ತಿರಸ್ಕಾರವಾದರೆ ಮರುಪರಿಶೀಲನೆಗೆ ಕಾಗದ ಬರೆಯೋ ದಾರಿ ಮೊದಲು ಇತ್ತು, 2025ರ ಜುಲೈ 1ರಿಂದ ಅದನ್ನ ನಿಲ್ಲಿಸಿದರು. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲಾ ಜರ್ಮನಿಯ ಕೋರ್ಟಿಗೆ ಹೋಗಬೇಕು. ಅದಕ್ಕೇ ಮೊದಲ ಸಲವೇ ಫೈಲು ಸರಿ ಇರಬೇಕು. ಎಲ್ಲಿ, ಪಾಸ್‌ಪೋರ್ಟ್ ಕೊಡು. ಹೂಂ, ನೋಡಿದೆಯಾ? ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಪಕ್ಕ ಒಂದೇ ಇನಿಷಿಯಲ್ಲು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಸರ್‌ನೇಮ್ ಮಾಡಿದ್ದಾರೆ.

ಹುಡುಗಿ: ಎಲ್ಲರದ್ದೂ ಹಾಗೇ ಇರುತ್ತಲ್ಲ ದೊಡ್ಡಮ್ಮ?

ದೊಡ್ಡಮ್ಮ: ನಮ್ಮ ಕಡೆ ಎಲ್ಲರದ್ದೂ ಹಾಗೇ. ಅಲ್ಲಿ ಕೂತವರಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಮೇಯೋ ಹಾಲ್ ಕೋರ್ಟಿನ ಹತ್ತಿರ ನೋಟರಿಗಳಿದ್ದಾರೆ, ಎರಡೂ ಹೆಸರು ಒಬ್ಬಳದ್ದೇ ಅಂತ ಇ-ಸ್ಟ್ಯಾಂಪ್ ಪೇಪರಿನ ಮೇಲೆ ಅಫಿಡವಿಟ್ ಮಾಡಿಸು. ಸರ್‌ನೇಮ್ ಜಾಗ ಖಾಲಿ ಬಿಟ್ಟವರ ಪಾಡು ಇನ್ನೂ ಕಷ್ಟ. ಅಮೆರಿಕದ ವೀಸಾದಲ್ಲಿ ಅವರ ಸ್ವಂತ ಹೆಸರು ಸರ್‌ನೇಮಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ ಹೆಸರು ಗೊತ್ತಿಲ್ಲ ಅಂತ, ಮೂರಕ್ಷರ ಬರುತ್ತೆ.

ಹುಡುಗಿ: ಭಾಷೆ? ಕೋರ್ಸು ಇಂಗ್ಲಿಷಾದರೂ ಅಲ್ಲಿ ಬದುಕಬೇಕಲ್ಲ.

ದೊಡ್ಡಮ್ಮ: ಅದಕ್ಕೆ ನೀನು ಪುಣ್ಯವಂತೆ. ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲೇ ಜರ್ಮನ್ ಕಲಿಸೋ ಮ್ಯಾಕ್ಸ್ ಮುಲ್ಲರ್ ಭವನ ಇದೆ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ, ಕೆ.ಆರ್. ಪುರದ ಮೆಟ್ರೊ ಕೂಡಿದ ಮೇಲೆ ನಿನಗೆ ಒಂದೇ ರೈಲು. ಟಿನ್ ಫ್ಯಾಕ್ಟರಿ ಸಿಗ್ನಲಿನಲ್ಲಿ ಸಾಯೋ ಕೆಲಸ ಇಲ್ಲ. ಎ1ನಿಂದ ಶುರು ಮಾಡು. ವೀಸಾಕ್ಕೆ ಬೇಕೋ ಬೇಡವೋ ಅಂತ ನೋಡಬೇಡ. ಕೊಳಚೆ ನೀರಿನ ಘಟಕದಲ್ಲಿ ಪಂಪು ನಡೆಸೋ ಅಲ್ಲಿನ ಕೆಲಸಗಾರ ಇಂಗ್ಲಿಷ್ ಮಾತಾಡಲ್ಲ. ಅವನ ಹತ್ತಿರ ಕಲಿಯೋದು ಪ್ರೊಫೆಸರ್ ಹತ್ತಿರ ಕಲಿತಷ್ಟೇ ಇರುತ್ತೆ.

ಹುಡುಗಿ: ಇದಕ್ಕೆಲ್ಲಾ ಒಂದು ವರ್ಷ ಹೋಗುತ್ತೆ. ನನ್ನ ಜೊತೆಯವರೆಲ್ಲಾ ಈ ಆಗಸ್ಟಿಗೇ ಹೊರಡ್ತಿದ್ದಾರೆ.

ದೊಡ್ಡಮ್ಮ: ಹೊರಡಲಿ. ಆ ಒಂದು ವರ್ಷದಲ್ಲಿ ಎಲ್ಲಾದರೂ ಶುದ್ಧೀಕರಣ ಘಟಕದಲ್ಲಿ ಕೆಲಸಕ್ಕೆ ಸೇರು, ಸಂಬಳ ಕಡಿಮೆಯಾದರೂ ಸರಿ. ಅಪಾರ್ಟ್‌ಮೆಂಟುಗಳ ಎಸ್‌ಟಿಪಿ ನಡೆಸೋ ಕಂಪನಿಗಳು ವೈಟ್‌ಫೀಲ್ಡಿನಲ್ಲಿ ಬೇಕಾದಷ್ಟಿವೆ. ಎಸ್‌ಒಪಿ ಬರೆಯೋಕೆ ಕೂತಾಗ ಅದೂ ಸೇರುತ್ತೆ. ಮೊದಲು ಕನ್ನಡದಲ್ಲೇ ಬರೆ, ಈಗ ನನಗೆ ಹೇಳಿದ ಹಾಗೇ. ಆಮೇಲೆ ಇಂಗ್ಲಿಷ್ ಮಾಡು. ಆ ದೊಡ್ಡ ದೊಡ್ಡ ಮಾತು ಒಂದೂ ಬೇಡ.

ಹುಡುಗಿ: ದುಡ್ಡಿನ ಲೆಕ್ಕ ಇನ್ನೂ ಕೂಡ್ತಿಲ್ಲ ದೊಡ್ಡಮ್ಮ. 12 ಲಕ್ಷ, ಟಿಕೆಟ್ಟು, ಎಪಿಎಸ್, ಜರ್ಮನ್ ಕ್ಲಾಸು, ಎಲ್ಲಾ ಸೇರಿ 15 ಆಗುತ್ತೆ. ಪಿಎಫ್‌ನಿಂದ ಮೂರು ಬರಬಹುದು.

ದೊಡ್ಡಮ್ಮ: ಉಳಿದ 12 ಸಾಲ ಮಾಡೋಣ. ಅಡಮಾನ ಇಲ್ಲದೆ ಸಿಗೋದು 7.5. ನಮ್ಮದು ಅದನ್ನ ದಾಟುತ್ತೆ, ಅದಕ್ಕೆ ನನ್ನ ಎಫ್‌ಡಿ ಇಡ್ತೀನಿ. ಸುಮ್ಮನಿರು, ಕಣ್ಣಲ್ಲಿ ನೀರು ಹಾಕಬೇಡ, ಕೊಟ್ಟುಬಿಡ್ತಿಲ್ಲ ನಾನು, ಆಧಾರಕ್ಕೆ ಇಡ್ತಿದ್ದೀನಿ. ಕಂತು ಕಟ್ಟೋಳು ನೀನೇ. ಎರಡು ಷರತ್ತು. ಆ 30 ಲಕ್ಷ ನಾಳೆ ಬೆಳಗ್ಗೆಯೇ ವಾಪಸ್ ಹೋಗಬೇಕು, ಆರ್‌ಟಿಜಿಎಸ್ ಮಾಡಿದ ಚೀಟಿ ನನಗೆ ಬೇಕು. ಈ ಸ್ಟೇಟ್‌ಮೆಂಟು ಯಾವ ಅರ್ಜಿಗೂ ಹೋಗಬಾರದು.

ಹುಡುಗಿ: ಅಪ್ಪನಿಗೆ ಹೇಗೆ ಹೇಳೋದು? ಒಂದು ತಿಂಗಳ ಬಡ್ಡಿ ಮೊದಲೇ ಕಟ್ಟಿಸಿಕೊಂಡಿದ್ದಾರೆ. ಅದು ಹೋಯಿತು ಅಂತ ಒದ್ದಾಡ್ತಾರೆ.

ದೊಡ್ಡಮ್ಮ: ಫೋನ್ ಹಚ್ಚು, ನಾನು ಮಾತಾಡ್ತೀನಿ. ನೀನು ಅಷ್ಟರಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಎಲ್ಲಿದೆ ಅಂತ ನೆನಪು ಮಾಡಿಕೋ.

ಹುಡುಗಿ: ಕಾಲೇಜಿನಲ್ಲಿ ಗೈಡ್ ಹತ್ತಿರ ಇದೆ. ಸೋಮವಾರ ಹೋಗಿ ತರ್ತೀನಿ. ರೆಕಮಂಡೇಶನ್ ಲೆಟರೂ ಆಗಲೇ ಕೇಳಿಬಿಡಲಾ?

ದೊಡ್ಡಮ್ಮ: ಕೇಳು. ಆ ಬಾವಿಗಳ ನೀರಿನ ರೀಡಿಂಗು ಬರೆದಿಟ್ಟ ಪುಸ್ತಕ ಇದ್ದರೆ ಅದನ್ನೂ ತಾ. ಹಲೋ, ಹೂಂ, ನಾನೇ ಮಾತಾಡ್ತಿರೋದು. ನೋಡಿದೆ ಎಲ್ಲಾ. ಕೂತಿದ್ದೀಯಾ, ನಿಂತಿದ್ದೀಯಾ? ಕೂತ್ಕೊಂಡು ಕೇಳು.